ಅಳಿಸಲು ಬರೆದ ಸಿನಿಮಾ

ಜನರನ್ನು ಅಳಿಸುವುದರಲ್ಲಿ ನನಗೆ ಸ್ವಲ್ಪ ಹೆಸರಿದೆ. ಮೂಡುಬಿದಿರೆಯ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರಾಗಿ, ವಾರ್ಷಿಕೋತ್ಸವಕ್ಕೆ ನಾಟಕ ಬರೆದು ಬರೆದು, ಕೊನೆಯ ದೃಶ್ಯಕ್ಕೆ ತಾಯಂದಿರು ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳದಿದ್ದರೆ ಊಟ ಸೇರದ ಸ್ಥಿತಿಗೆ ಬಂದಿದ್ದೇನೆ. ನಮ್ಮ ಕಡೆ ಜಗಳ, ತಮಾಷೆ, ಮೀನಿನ ಚೌಕಾಸಿ ಎಲ್ಲ ತುಳುವಿನಲ್ಲೇ ನಡೆಯುತ್ತದೆ. ಮರುಕ ತೋರಿಸಬೇಕಾದಾಗ ಮಾತ್ರ ಎದುರಿಗೆ ಮೈಕಿದ್ದವರ ಹಾಗೆ ಕನ್ನಡಕ್ಕೆ ಬರುತ್ತೇವೆ. ಹಾಗಾಗಿ ಮರುಕದ ವಿಷಯದಲ್ಲಿ ಕನ್ನಡ ಮೇಷ್ಟ್ರಿಗೆ ಬೇಡಿಕೆ ಜಾಸ್ತಿ.

ಮಿಜಾರಿನ ಹತ್ತಿರ ಅಂಗವಿಕಲ ಯುವಕ ಯುವತಿಯರು ಕಂಪ್ಯೂಟರ್ ಕಲಿಯುವ ಒಂದು ಕೇಂದ್ರವಿದೆ. ತಮ್ಮ ಬಗ್ಗೆ ತಾವೇ ಒಂದು ಕಿರುಚಿತ್ರ ಮಾಡುತ್ತೇವೆ, ಕಥೆ ಬರೆದುಕೊಡಿ ಎಂದು ಅವರು ಕೇಳಿದಾಗ ಪೆನ್ನು ಹಿಡಿಯುವ ಮೊದಲೇ ನಾನು ಅರ್ಧ ಅತ್ತಿದ್ದೆ. ನಾಯಕಿ ಗಾಲಿಕುರ್ಚಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಾಳೆ. ನೆರೆಮನೆಯ ಸಜ್ಜನರೊಬ್ಬರು ಬಂದು ಒಂದೂವರೆ ಪುಟ ಮರುಗುತ್ತಾರೆ. ಪಿಟೀಲು.

ನಿರ್ದೇಶಕ ಗುರುವಾಯನಕೆರೆಯ ಹರೀಶ. ಅವನಿಗೆ ಕಣ್ಣು ಬಹಳ ಮಂದ. ಏನಿದ್ದರೂ ಅವನ ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ. ಹಾಗಾಗಿ ನನ್ನ ಕಥೆಯನ್ನು ಎಲ್ಲರೆದುರು ಓದಿದ್ದು ಫೋನಿನೊಳಗಿನ ಹೆಂಗಸು. ಎದೆ ಹಿಂಡುವ ನನ್ನ ಮಾತುಗಳನ್ನು ಆಕೆ ರೈಲು ತಡವಾಗಿದೆ ಎಂದು ಹೇಳುವ ಧಾಟಿಯಲ್ಲಿ ಹೇಳುತ್ತಾ ಹೋದಳು. "ಅಯ್ಯೋ ವಿಧಿಯೇ ಆಶ್ಚರ್ಯಸೂಚಕ ಚಿಹ್ನೆ" ಎಂಬಲ್ಲಿಗೆ ಬಂದಾಗ ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ ಎಂದರೆ ಸುಳ್ಳಾಗುತ್ತದೆ. ನನಗೆ ಸಿಟ್ಟು ಬಂದಿತ್ತು.

ನಾಯಕಿಯಾಗಬೇಕಿದ್ದ ಬಂಟ್ವಾಳದ ರಝಿಯಾ ಕೂಡ ನಗಲಿಲ್ಲ. ತನ್ನ ಗಾಲಿಕುರ್ಚಿಯನ್ನು ನನ್ನ ಹತ್ತಿರಕ್ಕೆ ತಂದು, "ಸರ್, ಇದನ್ನು ನೋಡ್ಲಿಕ್ಕೆ ನನ್ನ ಉಮ್ಮ ಬರ್ತಾರೆ. ಮನೆಗೆ ಬಂದವರೆಲ್ಲ ಅವರನ್ನು ಅಳಿಸಿಯೇ ಹೋಗುವುದು. ಇಲ್ಲಿಯೂ ಅಳಿಸುವುದಾದರೆ ನಾನು ಮಾಡುವುದಿಲ್ಲ. ಅವರು ಒಮ್ಮೆ ನಗಬೇಕು," ಎಂದಳು.

ತಾಯಂದಿರನ್ನು ನಗಿಸಿ ನನಗೆ ಅಭ್ಯಾಸವಿರಲಿಲ್ಲ. ಕಥೆಯನ್ನೂ ಅವಳೇ ಕೊಟ್ಟಳು. ಗಲ್ಫಿನಿಂದ ಬರುವ ನೆಂಟರೆಲ್ಲ ಅವಳ ಕಾಲಿಗೆಂದು ಒಂದೊಂದು ಬಾಟಲಿ ನೋವಿನ ಹಸಿರು ಎಣ್ಣೆ ತರುತ್ತಾರಂತೆ. ಹುಟ್ಟಿನಿಂದ ನಡೆಯದ ಕಾಲು ನೋಯುತ್ತದೆ ಎಂದು ಅವಳು ಯಾರಿಗೂ ಹೇಳಿದ್ದಿಲ್ಲ. ಕಪಾಟು ಮಾತ್ರ ತುಂಬಿದೆ. ಹೊಸ ಕಥೆಯಲ್ಲಿ, ಮರುಗಲು ಬಂದ ಸಜ್ಜನರು ಎದ್ದು ನಿಲ್ಲಲಾಗದೆ ಮಂಡಿ ಹಿಡಿದುಕೊಳ್ಳುತ್ತಾರೆ; ಹುಡುಗಿ ಅವರಿಗಾಗಿ ಅವರದೇ ಮಾತಿನಲ್ಲಿ ಮರುಗಿ, ಎಣ್ಣೆ ಕೊಟ್ಟು ಕಳಿಸುತ್ತಾಳೆ. ಸಜ್ಜನರ ಪಾತ್ರವನ್ನು ನಾನೇ ಮಾಡಬೇಕೆಂದು ಹರೀಶನ ಹಟ. ನಿಮ್ಮ ಸಂಭಾಷಣೆಯ ಒಂದಕ್ಷರವನ್ನೂ ಬದಲಾಯಿಸುವುದು ಬೇಡ ಎಂದ. ಅಷ್ಟಾದರೂ ಮರ್ಯಾದೆ ಉಳಿಯಿತಲ್ಲ ಎಂದು ಒಪ್ಪಿಕೊಂಡೆ. ತೋಡಾರಿನ ಗೆಳೆಯರೊಬ್ಬರ ಜಗಲಿಯಲ್ಲಿ ಶೂಟಿಂಗ್ ನಡೆಯಿತು. ನಾನು ಮನಸಾರೆ ಮರುಗಿದೆ.

ಬೆಳ್ತಂಗಡಿಯಲ್ಲಿ ಪ್ರದರ್ಶನದ ದಿನ ಹೆಂಡತಿಯ ಪಕ್ಕ ಕೂತ ನಾನು ಪರದೆ ನೋಡಲಿಲ್ಲ, ರಝಿಯಾಳ ಉಮ್ಮನನ್ನೇ ನೋಡುತ್ತಿದ್ದೆ. ಪರದೆಯ ಮೇಲಿನ ನಾನು ವಿಧಿಯನ್ನು ಕರೆದಾಗ ಆಕೆ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಇಲ್ಲೂ ಅಳಿಸಿಬಿಟ್ಟೆ ಎಂದುಕೊಂಡೆ. ಆಮೇಲೆ ಅವರ ಭುಜ ಕುಲುಕತೊಡಗಿತು, ಎಣ್ಣೆಯ ಬಾಟಲಿ ಹೊರಬಂದದ್ದೇ ತಡ, ಗಟ್ಟಿಯಾಗಿ ನಕ್ಕೇಬಿಟ್ಟರು. ರಝಿಯಾ ಆ ಮುಖವನ್ನು ನೋಡುತ್ತಲೇ ಇದ್ದಳು. ಅಷ್ಟು ಸಂತೋಷ ನನಗೆ ಯಾವ ನಾಟಕದಿಂದಲೂ ಆಗಿರಲಿಲ್ಲ.

ಮುಗಿದ ಮೇಲೆ ಉಮ್ಮ ನಮ್ಮ ಬಳಿಗೆ ಬಂದರು. ಅವರ ಮನೆಗೆ ಬರುವವರು ಥೇಟ್ ಹೀಗೆಯೇ ಮಾತಾಡುವುದಂತೆ. ಸರ್ ಭಾರೀ ಚಂದ ಆ್ಯಕ್ಟಿಂಗ್ ಮಾಡಿದ್ದಾರೆ ಎಂದು ನನ್ನ ಹೆಂಡತಿಯೆದುರು ಹೊಗಳಿದರು. ನಾನು ಉಬ್ಬಿದೆ. ಹೆಂಡತಿ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದಳು.

"ಆ್ಯಕ್ಟಿಂಗ್ ಎಲ್ಲಿ ಉಂಟು? ಇವರು ಇರುವುದೇ ಹಾಗೆ," ಎಂದಳು.