ಮಣ್ಣು ಒಣಗುವ ತನಕ

ಹೆಂಡತಿಯ ಮುಖಕ್ಕೆ ಮಣ್ಣು ಮೆತ್ತುವ ಐಡಿಯಾ ತಮ್ಮದಲ್ಲ ಎಂದು ಯಜಮಾನರು ಇವತ್ತಿಗೂ ಆಣೆ ಮಾಡಿ ಹೇಳುತ್ತಾರೆ. ಅದು ನಿಜವೇ. ಪ್ಯಾಕೆಟ್ ತಂದುಕೊಟ್ಟವಳು ಹೆಂಡತಿಯ ತಂಗಿ.

"ಅಕ್ಕಾ, ಇನ್ನೆರಡು ತಿಂಗಳಿಗೆ ರಿಟೈರ್ ಆಗ್ತೀಯ. ಬೀಳ್ಕೊಡುಗೆ ಫೋಟೋದಲ್ಲಿ ಮುಖ ಫಳಫಳ ಅನ್ನಬೇಡ್ವಾ? ಭಾನುವಾರಕ್ಕೊಂದು ಸಲ ಹಚ್ಕೋ. ಕೆಮಿಕಲ್ ಗಿಮಿಕಲ್ ಇಲ್ಲ, ಶುದ್ಧ ಜೇಡಿಮಣ್ಣು. ಆದ್ರೆ ಒಣಗೋ ತನಕ ಇಪ್ಪತ್ತು ನಿಮಿಷ ಮಾತಾಡಬಾರದು, ನಗಬಾರದು. ಬಾಯಿ ಬಿಟ್ರೆ ಬಿರುಕು ಬಿಡುತ್ತೆ!"

ಈ ನಿಯಮದ ಘನತೆ ಅರಿಯಬೇಕಾದರೆ ದಂಪತಿಯ ಪೂರ್ವಚರಿತ್ರೆ ಅರಿಯಬೇಕು. ಯಜಮಾನರು ಮೂವತ್ತು ವರ್ಷ ಲೈಬ್ರರಿಯಲ್ಲಿ 'ನಿಶ್ಶಬ್ದ' ಎಂಬ ಬೋರ್ಡಿನ ಕೆಳಗೆ ಕೂತು ನಿವೃತ್ತರಾದ ಗುಮಾಸ್ತರು. ಹೆಂಡತಿ ಅಷ್ಟೇ ವರ್ಷ ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸು ಹೊರಡುವ ಹೊತ್ತು ಕೂಗಿದವರು. ಡ್ರೈವರು ಕಂಡಕ್ಟರುಗಳ ಬಾಯಲ್ಲಿ ಮೈಕಮ್ಮ. ಮನೆಗೆ ಬಂದರೂ ಆ ದನಿ ಇಳಿಯುತ್ತಿರಲಿಲ್ಲ. "ಊಟಕ್ಕೆ ಬನ್ನಿ" ಎಂದರೆ ಮೂರನೇ ಮನೆಯವರೂ ಕೈ ತೊಳೆಯಲು ಏಳುತ್ತಿದ್ದರು. ಮದುವೆಯಾದಂದಿನಿಂದ ಯಜಮಾನರು ಒಂದು ವಾಕ್ಯವನ್ನೂ ಕೊನೆ ಮುಟ್ಟಿಸಿದವರಲ್ಲ. (ಮೊದಲ ವರ್ಷ ಪ್ರಯತ್ನಪಟ್ಟಿದ್ದುಂಟು.)

ಮೊದಲ ಭಾನುವಾರ ಮುಖದ ತುಂಬ ಬೂದುಬಣ್ಣದ ಲೇಪ ಬಳಿದುಕೊಂಡು ಕುರ್ಚಿಗೆ ಒರಗಿದ್ದ ಮೈಕಮ್ಮನ ಎದುರು ಯಜಮಾನರು ಹೆದರಿ ಹೆದರಿ ಗಂಟಲು ಸರಿಮಾಡಿಕೊಂಡರು.

"ನೋಡು, ನನ್ನ ಕನ್ನಡಕ ಇಟ್ಟ ಕಡೆ ಇರಲಿ. ನೀನು ಜೋಪಾನ ಮಾಡಿದ್ದು ಯಾವುದೂ ಆಮೇಲೆ ಸಿಗಲ್ಲ."

ಉತ್ತರವಿಲ್ಲ! ಕಣ್ಣು ಕೆಕ್ಕರಿಸಿತು, ಅಷ್ಟೆ. ಯಜಮಾನರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮುಖ ತೊಳೆದ ಮೇಲೆ ಬಾಕಿಯೆಲ್ಲ ತೀರಿತೆನ್ನಿ. "ಕನ್ನಡಕ ಫ್ರಿಜ್ಜಿನಲ್ಲಿ ಇಟ್ಟೋರು ಯಾರ್ರೀ? ನಾನಾ?"

"ಅದು ಒಂದೇ ಸಲ..."

"ಎರಡು ಸಲ!"

ಆದರೆ ರುಚಿ ಹತ್ತಿಬಿಟ್ಟಿತ್ತು. ಎರಡನೇ ಭಾನುವಾರ ಯಜಮಾನರು ಚೀಟಿಯಲ್ಲಿ ಅಂಶಗಳನ್ನು ಬರೆದುಕೊಂಡು ಬಂದರು. ಮೂರನೆಯ ವಾರ ತಾವೇ ಮಣ್ಣು ಕಲಸಿ, ದಪ್ಪಗೆ ಮೆತ್ತಿ, ಭಾಷಣವನ್ನು ಅರ್ಧ ಗಂಟೆಗೆ ಎಳೆದರು. ನಾಲ್ಕನೆಯ ವಾರ ಚೀಟಿ ಮುಗಿದರೂ ಮಣ್ಣು ಒಣಗಿರಲಿಲ್ಲ. ಅಲ್ಲಿಗೇ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

"ನಿಜ ಹೇಳ್ಲಾ? ಬರೋ ತಿಂಗಳಿಂದ ನೀನು ಇಡೀ ದಿನ ಮನೇಲಿರ್ತೀಯಲ್ಲ, ನೆನೆಸಿಕೊಂಡ್ರೆ ಎದೆ ಧಸಕ್ ಅನ್ನುತ್ತೆ. ನೀನು ಡ್ಯೂಟಿಗೆ ಹೋದ್ಮೇಲೇ ಕಣೇ ನನಗೆ ಈ ಮನೇಲಿ ಉಸಿರು ಬರೋದು."

ಮೈಕಮ್ಮನ ಕಣ್ಣುಗಳ ಕೆಳಗೆ, ಮಣ್ಣಿನ ಮೇಲೆ, ಎರಡು ಒದ್ದೆ ಗೆರೆ ಇಳಿದವು. ಮೂವತ್ತು ವರ್ಷ ಪುಸ್ತಕಗಳ ನಡುವೆ ಬಾಳಿದ ಆ ಮಹಾಪಂಡಿತರು ಆಗ ಏನೆಂದರು ಗೊತ್ತೇ?

"ಅಯ್ಯೋ, ಇವತ್ತು ನೀರು ಜಾಸ್ತಿಯಾಯ್ತು ಅನ್ಸುತ್ತೆ."

ಮೈಕಮ್ಮ ಮುಖ ತೊಳೆದು, ಒರೆಸಿಕೊಂಡು ಬಂದರು. ಯಜಮಾನರು ಬೈಗುಳಕ್ಕೆ ಸಿದ್ಧರಾಗಿ ಕುಳಿತರು. ಬೈಗುಳ ಬರಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಕೇಳಿದ್ದಕ್ಕೆಲ್ಲ 'ಹೂಂ', ಇಲ್ಲವೇ 'ಉಹೂಂ'. ಬುಧವಾರ ತಂಗಿ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡಳು.

"ಏನಂದ್ರಿ ಭಾವ ಅಕ್ಕನಿಗೆ? ದಿನಾ ಯಾರ್ಯಾರಿಗೋ ಕೂಗಿದ್ದಾಯ್ತು, ಇನ್ಮೇಲೆ ಇವರ ಜೊತೆ ಕೂತು ಬಾಯ್ತುಂಬ ಮಾತಾಡ್ತೀನಿ ಅಂತ ದಿನ ಎಣಿಸ್ತಿದ್ಲು!"

ಯಜಮಾನರಿಗೆ ತಮ್ಮ ನಾಲಿಗೆಯ ಮೇಲೆಯೇ ಅಸಹ್ಯವಾಯಿತು. ಗುರುವಾರ ಮನೆಯ ಮೌನ ತಡೆಯಲಾರದೆ ಬಸ್ ಸ್ಟ್ಯಾಂಡಿಗೆ ಹೋಗಿ ಮೂರನೇ ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕೂತರು. ಮೇಲಿನಿಂದ ಆ ದನಿ ಬಂತು. ಬಸ್ಸು ಹತ್ತು ನಿಮಿಷ ತಡವಂತೆ. ಆ ಬಸ್ಸು ಬಂದು ಹೋದರೂ ಅವರು ಏಳಲಿಲ್ಲ. ಶುಕ್ರವಾರವೂ ಹೋದರು, ಶನಿವಾರವೂ ಹೋದರು.

"ಪ್ರಯಾಣಿಕರ ಗಮನಕ್ಕೆ," ಎಂದಿತು ಮೈಕು. "ಮೂರು ದಿನಗಳಿಂದ ಮೂರನೇ ಪ್ಲಾಟ್‌ಫಾರಮ್ಮಿನಲ್ಲಿ ಯಾವ ಬಸ್ಸನ್ನೂ ಹತ್ತದೆ ಕುಳಿತಿರುವ ಕನ್ನಡಕದ ಹಿರಿಯರು ದಯವಿಟ್ಟು ಮನೆಗೆ ತೆರಳಬೇಕಾಗಿ ವಿನಂತಿ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದರೆ ಕೂಡಲೇ ಆರಿಸತಕ್ಕದ್ದು."

ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡಿ ನಕ್ಕಿತು. ಯಜಮಾನರಿಗೆ ನಾಚಿಕೆ ಎಲ್ಲಿಂದ ಬರಬೇಕು? ಒಂದೇ ಉಸಿರಿಗೆ ಮನೆಗೆ ಓಡಿದರು. (ಹಾಲು ನಿಜಕ್ಕೂ ಸೀದಿತ್ತು.) ಸಂಜೆ ಮೈಕಮ್ಮ ಬರುವಾಗ ಬಾಗಿಲಲ್ಲೇ ಕಾದಿದ್ದರು.

"ನನ್ನ ಜೊತೆ ಮಾತಾಡಿದೆಯಲ್ಲ! ಕೋಪ ಹೋಯ್ತಾ?"

"ಅದು ಡ್ಯೂಟಿ ರೀ." ಮೈಕಮ್ಮ ಚಪ್ಪಲಿ ಬಿಟ್ಟರು. "ಯಾರು ಕೂತಿದ್ರೂ ಹಾಗೇ ಹೇಳ್ತಿದ್ದೆ."

"ತಪ್ಪಾಯ್ತು ಕಣೇ. ಇನ್ನೇನು, ರಿಟೈರ್ ಆಗ್ತೀಯಲ್ಲ, ದಿನವಿಡೀ ಮಾತಾಡು. ನಾನು ಕೇಳ್ತಾ ಕೂತಿರ್ತೀನಿ."

ಮೈಕಮ್ಮ ಬ್ಯಾಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ದನಿ ಎಷ್ಟು ಮೆತ್ತಗಿತ್ತೆಂದರೆ ಯಜಮಾನರು ಮುಂದೆ ಬಾಗಿ ಕೇಳಬೇಕಾಯಿತು.

"ಇನ್ನೆರಡು ವರ್ಷ ಇರ್ತೀರಾ ಅಂತ ಮ್ಯಾನೇಜರು ತುಂಬಾ ದಿನದಿಂದ ಕೇಳ್ತಿದ್ರು. ಸೋಮವಾರ ರುಜು ಹಾಕಿಕೊಟ್ಟೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ಮನೆ ಪೂರ್ತಿ ನಿಮ್ಮದೇ."

ಯಜಮಾನರು ಬಾಯಿ ತೆರೆದರು. ಮೈಕಮ್ಮ ನಡುವೆ ಮಾತು ಹಾಕದೆ, ತಾಳ್ಮೆಯಿಂದ, ಅವರು ಮುಗಿಸಲೆಂದು ಕಾದು ನಿಂತರು. ಯಜಮಾನರಿಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ.