ಸೆಕೆಂಡಿನ ಐನೂರನೇ ಭಾಗದಲ್ಲಿ ಒಂದು ಯುದ್ಧ

ಹೆದರುವವರಲ್ಲಿ ಎರಡು ಬಗೆ. ಹೆದರಿದ್ದೇನೆಂದು ಒಪ್ಪಿಕೊಳ್ಳುವವರು ಒಂದು ಬಗೆಯಾದರೆ, ಹೆದರಿಕೆಗೆ ಬೇರೆ ಹೆಸರಿಟ್ಟುಕೊಂಡು ಓಡಾಡುವವರು ಇನ್ನೊಂದು. ನಾನು ಎರಡನೆಯವನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಾಗಿಲಿನಿಂದ ಮೂರು ಸಲ ಹಿಂದಿರುಗಿದರೆ ಅದು ಜಾಗರೂಕತೆ. ಬೀದಿನಾಯಿ ಕಂಡು ರಸ್ತೆಯ ಆಚೆ ಬದಿಗೆ ಹೋದರೆ ಅದು ಪ್ರಾಣಿದಯೆ. ನನ್ನ ಹೆಂಡತಿ ವಿಮಲಾ ಇದಕ್ಕೆಲ್ಲ ಒಂದೇ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪೀಣ್ಯದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ನಾನು ಇಷ್ಟು ವರ್ಷ ಉಳಿದುಕೊಂಡದ್ದೂ ಈ ಗುಣದಿಂದಲೇ. ಎದುರಿಗೆ ಯಾವ ಪಾರ್ಟು ಬಂದರೂ ಅದರಲ್ಲಿ ಏನೋ ಐಬಿದೆಯೆಂದು ಮೊದಲೇ ಗುಮಾನಿ ಪಡುವವನು ಅಲ್ಲಿಗೆ ಬೇಕು.

ಇಂಥವನ ಹತ್ತಿರ ಒಂದು ಒಳ್ಳೆಯ ಕ್ಯಾಮೆರಾ ಇತ್ತು. ಚಿಕ್ಕಬಾಣಾವರದ ನಮ್ಮ ಮನೆಯ ಮಹಡಿಯಿಂದ ಅದರಲ್ಲಿ ನಾನು ಅಲ್ಲಿಯವರೆಗೆ ತೆಗೆದದ್ದು ರೈಲು, ತುಳಸಿಗಿಡ ಮತ್ತು ಬೇಡವೆಂದರೂ ವಿಮಲಾ. ಕ್ಯಾಮೆರಾ ಇರುವ ಸುದ್ದಿ ಕಾರ್ಖಾನೆಗೆ ಗೊತ್ತಾದ ಮೇಲೆ ಸುರಕ್ಷತಾ ಸಪ್ತಾಹದ ವಿಡಿಯೊ ನನ್ನ ಕೊರಳಿಗೆ ಬಿತ್ತು. ಆ ವಾರ ನಮ್ಮಲ್ಲಿ ಸುಳ್ಳು ಬೆಂಕಿಯ ಕಸರತ್ತು ನಡೆಯುತ್ತದೆ. ಅಂಗಳದಲ್ಲಿ ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿನೊಳಗೆ ಎಣ್ಣೆಬಟ್ಟೆ ಹಾಕಿ ಹೊತ್ತಿಸುತ್ತಾರೆ, ಸೈರನ್ ಕೂಗುತ್ತದೆ, ಎಲ್ಲರೂ ಸಾಲಾಗಿ ನಡೆದು ಬೇವಿನ ಮರದ ಕೆಳಗೆ ನಿಂತು ತಲೆ ಎಣಿಸಿಕೊಳ್ಳುತ್ತಾರೆ. ಕಾರ್ಖಾನೆಯದೇ ಬೆಂಕಿಪಡೆಯವರು ಕೆಂಪು ಬಕೆಟ್ಟಿನ ಮರಳು ಎರಚಿ, ಸಿಲಿಂಡರಿನ ಬಿಳಿ ಪುಡಿ ಊದಿ ಬೆಂಕಿ ಆರಿಸುತ್ತಾರೆ. ಇದನ್ನು ಆಡಿಟರುಗಳಿಗೆ ತೋರಿಸಬೇಕು. ಎಚ್ಚಾರ್ ವಿಭಾಗದ ನಳಿನಿ ಮೇಡಂ ಬಂದು, "ಸಾರ್, ಈ ಸಲ ಸ್ವಲ್ಪ ಇಂಟರೆಸ್ಟಿಂಗ್ ಆಗಿ ಮಾಡ್ಕೊಡಿ. ಹೋದ್ಸಲದ್ದು ನೋಡ್ತಾ ಆಡಿಟರ್ ನಿದ್ದೆ ಹೋಗ್ಬಿಟ್ರು" ಎಂದರು. ಹೋದ ಸಲದ ವಿಡಿಯೊದಲ್ಲಿ ನಮ್ಮವರು ಬೆಂಕಿಯ ಪಕ್ಕದಲ್ಲೇ ತಲೆ ಕೆರೆದುಕೊಂಡು ನಿಂತಿದ್ದುದು ನನಗೂ ನೆನಪಿತ್ತು.

ಆ ದಿನಗಳಲ್ಲಿ ನಾನು ಇಂಟರ್ನೆಟ್ಟಿನಲ್ಲಿ ಯುದ್ಧದ ಸಿನಿಮಾ ತೆಗೆಯುವ ಗುಟ್ಟೊಂದನ್ನು ಓದಿದ್ದೆ. ಕ್ಯಾಮೆರಾದ ಕಣ್ಣು ಒಂದೊಂದು ಚಿತ್ರಕ್ಕೂ ಎಷ್ಟು ಹೊತ್ತು ತೆರೆದಿರಬೇಕು ಎನ್ನುವುದೇ ಶಟರ್ ಸ್ಪೀಡು. ಸಾಮಾನ್ಯವಾಗಿ ಸೆಕೆಂಡಿನ ಐವತ್ತನೇ ಭಾಗ; ಆಗ ಬೀಸುವ ಕೈ ಸ್ವಲ್ಪ ಮಸುಕಾಗಿ, ಕಣ್ಣಿಗೆ ಹಿತವಾಗಿ ಕಾಣುತ್ತದೆ. ಅದನ್ನೇ ಐನೂರನೇ ಭಾಗಕ್ಕೆ ಇಳಿಸಿದರೆ ಮಸುಕು ಹೋಗುತ್ತದೆ. ಹಾರುವ ಮರಳಿನ ಕಾಳುಕಾಳೂ ಗಾಳಿಯಲ್ಲಿ ನಿಂತುಬಿಡುತ್ತದೆ, ಬೆವರಿನ ಹನಿ ಒಂದೊಂದೂ ಎದ್ದು ಕಾಣುತ್ತದೆ, ನಡೆಯುವವನು ಬೆಚ್ಚಿ ಬೆಚ್ಚಿ ಓಡುವಂತೆ ಕಾಣುತ್ತಾನೆ. ಕ್ಯಾಮೆರಾ ಕೈಯಲ್ಲೇ ಹಿಡಿದು ತುಸು ಅಲುಗಿಸಿದರಂತೂ ಪಕ್ಕದಲ್ಲೇ ಬಾಂಬು ಬಿದ್ದ ಹಾಗೆ. ಓದಿ ರೋಮಾಂಚನವಾಯಿತು. ಪ್ರಯೋಗಕ್ಕೆಂದು ವಿಮಲಾ ಸಾಸಿವೆ ಒಗ್ಗರಣೆ ಹಾಕುವುದನ್ನು ಹಾಗೆ ತೆಗೆದೆ. ಅವಳು ಅದರಲ್ಲಿ ತನ್ನ ಮುಖ ನೋಡಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಕಸರತ್ತಿನ ದಿನ ಬಿಸಿಲು ಚೆನ್ನಾಗಿತ್ತು, ಬೆಂಕಿ ಅಂದುಕೊಂಡದ್ದಕ್ಕಿಂತ ಎತ್ತರ ಎದ್ದಿತು. ಫಲಿತಾಂಶ ನೋಡಿ ನಳಿನಿ ಮೇಡಂ ಕುರ್ಚಿಯ ತುದಿಗೆ ಬಂದರು. "ಅಯ್ಯೋ, ಇದು ನಮ್ ಫ್ಯಾಕ್ಟ್ರೀನಾ!" ಎಂದರು. ನಾನು ಹಿನ್ನೆಲೆಗೆ ತಮಟೆಯ ಸದ್ದು ಬೇರೆ ಕೂಡಿಸಿದ್ದೆ. ಕೊನೆಯಲ್ಲಿ ಬಿಳಿ ಪುಡಿಯ ಮೋಡ ಸೀಳಿಕೊಂಡು ಬೆಂಕಿಪಡೆಯಲ್ಲಿದ್ದ ನಮ್ಮ ಮಿಷಿನ್ ಆಪರೇಟರ್ ಬಸವರಾಜ ಹೊರಬರುತ್ತಾನೆ. ಮುಖವೆಲ್ಲ ಮಸಿ, ಬಾಯಿ ಅಗಲಿಸಿ ಏನೋ ಚೀರುತ್ತಿದ್ದಾನೆ. ನಿಜಕ್ಕೂ ಅವನು ನನ್ನ ಕಡೆ ತಿರುಗಿ, "ಸರ, ಇಷ್ಟು ಸಾಕೇನ್ರಿ?" ಎಂದು ಕೇಳುತ್ತಿದ್ದ. ಚಿತ್ರ ಇಷ್ಟೊಂದು ನಡುಗಿದೆಯಲ್ಲ ಎಂದು ಯಾರೋ ಕೇಳಿದಾಗ, ಅದು ಶೈಲಿ, ಬೇಕೆಂದೇ ಮಾಡಿದ್ದು ಎಂದು ಬೀಗಿದೆ.

ಬಸವರಾಜ ಸಿಂದಗಿ ಕಡೆಯವನು, ಮಾಕಳಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದಾನೆ. ಅವನಿಗೆ ಊರಲ್ಲಿ ಹೆಣ್ಣು ನಿಶ್ಚಯವಾಗಿತ್ತು. ಹೆಮ್ಮೆಯಿಂದ ವಿಡಿಯೊವನ್ನು ಹುಡುಗಿಯ ಮನೆಯವರಿಗೆ ಕಳಿಸಿಬಿಟ್ಟ. ಮೂರನೇ ದಿನ ನನ್ನ ಟೇಬಲಿನ ಮುಂದೆ ಬಂದು ನಿಂತಾಗ ಅವನ ಮುಖ ಮಸಿಯಿಲ್ಲದೆಯೇ ಕಪ್ಪಿಟ್ಟಿತ್ತು.

"ಸರ, ಮಾವಾರು ಫೋನ್ ಮಾಡಿದ್ರು. ಮಗಳ್ನ ಇಂಥಾ ಬೆಂಕ್ಯಾಗ ದುಡಿಯಾಂವಗ ಕೊಡೂದಿಲ್ಲ ಅನ್ನಾಕತ್ತಾರ. ನೀವ ಒಂದು ಮಾತು ಹೇಳ್ರಿ."

ಯಾರದೋ ಮದುವೆ ನನ್ನ ಶಟರಿನ ದೆಸೆಯಿಂದ ಮುರಿಯುವುದೆಂದರೇನು! ಫೋನಿನಲ್ಲಿ ಆ ಹಿರಿಯರಿಗೆ, ಶಿವಲಿಂಗಪ್ಪನವರಿಗೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಸೆಕೆಂಡಿನ ಐನೂರನೇ ಭಾಗ ಎಂದೆ. ಅವರು ತಣ್ಣಗೆ, "ಒಂದು ಸೆಕೆಂಡಿನ್ಯಾಗ ಐನೂರು ಏನ್ ಸಿಡೀತಾವ್ರಿ ಅಲ್ಲಿ?" ಎಂದರು. ನಾನು ಬಾಯಿ ತೆರೆದಷ್ಟೂ ಕಾರ್ಖಾನೆ ಇನ್ನಷ್ಟು ಹೊತ್ತಿ ಉರಿಯಿತು. ಕಡೆಗೆ ಅವರು ತಾವೇ ಬಂದು ನೋಡುವುದಾಗಿ ಹೇಳಿದರು. ಅವರು ಬರುವವರೆಗಿನ ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಬಸವರಾಜ ಕ್ಯಾಂಟೀನಿನಲ್ಲಿ ಎದುರಾದರೆ ನಾನು ಕೈ ತೊಳೆಯುವ ನೆಪದಲ್ಲಿ ತಿರುಗಿ ನಿಲ್ಲುತ್ತಿದ್ದೆ. ಆ ನಾಲ್ಕು ದಿನ ನನ್ನಷ್ಟು ಸಲ ಕೈ ತೊಳೆದವರು ಪೀಣ್ಯದಲ್ಲಿ ಯಾರೂ ಇರಲಾರರು.

ಶಿವಲಿಂಗಪ್ಪನವರು ಬಂದರು. ಬಿಳಿ ಧೋತರ, ತಲೆಗೆ ಟೋಪಿ, ಕೈಯಲ್ಲಿ ನಮಗೆಲ್ಲ ಶೇಂಗಾ ಹೋಳಿಗೆಯ ಡಬ್ಬಿ. ಸಂಬಂಧ ಮುರಿಯಲು ಬಂದವರು ಹೋಳಿಗೆ ತರುವುದುಂಟೇ ಎಂದು ಆಸೆಯಾಯಿತು. ಮರುಕ್ಷಣವೇ, ಮರ್ಯಾದಸ್ಥರು ತರಲೂಬಹುದು ಎಂದು ಎದೆ ಕುಸಿಯಿತು. ಅಂಗಳ ತೋರಿಸಿದೆ. ಡ್ರಮ್ಮಿನೊಳಗೆ ಬೇವಿನೆಲೆ ಬಿದ್ದಿತ್ತು, ಮರಳಿನ ಬಕೆಟ್ಟಿನಲ್ಲಿ ಯಾರೋ ಟೀ ಕುಡಿದ ಕಪ್ಪು ಸಿಕ್ಕಿಸಿದ್ದರು. ಒಳಗೆ ಬಸವರಾಜ ಮಿಷಿನ್ನಿನ ಬಾಗಿಲು ಮುಚ್ಚಿ, ಗುಂಡಿ ಒತ್ತಿ, ಗಾಜಿನೊಳಗೆ ನೋಡುತ್ತ ನಿಂತಿದ್ದ. ಐದು ನಿಮಿಷ ನೋಡಿ ಅವರು, "ಇಷ್ಟ ಏನ?" ಎಂದರು. ದನಿಯಲ್ಲಿ ಸ್ವಲ್ಪ ನಿರಾಸೆಯೇ ಇತ್ತು. ನಳಿನಿ ಮೇಡಂ ಅದೇ ಕಸರತ್ತನ್ನು ತಮ್ಮ ಫೋನಿನಲ್ಲಿ ಸುಮ್ಮನೆ ತೆಗೆದದ್ದನ್ನು ತೋರಿಸಿದರು. ಅದರಲ್ಲಿ ಜನ ಜಾತ್ರೆ ಮುಗಿಸಿ ಮನೆಗೆ ಹೋಗುವವರಂತೆ ನಡೆಯುತ್ತಿದ್ದರು. ಬಸವರಾಜ "ಸಾಕೇನ್ರಿ?" ಎನ್ನುವುದೂ ಸ್ಪಷ್ಟವಾಗಿ ಕೇಳಿಸಿತು. ಹಿರಿಯರು ಹೊಟ್ಟೆ ಹಿಡಿದು ನಕ್ಕರು. ನನ್ನ ಜೀವ ಮರಳಿ ಬಂತು.

"ಈಗ ನಿಮ್ಮದೊಂದು ಸಲ ಹಚ್ರಿ" ಎಂದರು. ಕ್ಯಾಂಟೀನಿನ ಟೀವಿಯಲ್ಲಿ ಹಾಕಿದೆವು. ಅವರು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಕೊನೆಯವರೆಗೆ ನೋಡಿ, ನನ್ನ ಕಡೆ ತಿರುಗಿದರು.

"ಇದರಾಗ ನಮ್ಮ ಹುಡುಗ ಹೆದರಿಲ್ಲ. ಬಾಜೂಕ ಫೋನ್ ಹಿಡಿದು ನಿಂತ ಈ ಮೇಡಮ್ಮಾರೂ ಹೆದರಿಲ್ಲ. ಬೆಂಕಿ ಮ್ಯಾಲೆದ್ದ ಕೂಡಲೆ ಮೂರು ಹೆಜ್ಜಿ ಹಿಂದ ಸರಿದಾಂವ ಕ್ಯಾಮೆರಾ ಹಿಡಿದಾಂವ. ಹೌದಿಲ್ಲೋ ಸಾಹೇಬರ?"

ಕ್ಯಾಂಟೀನು ಗೊಳ್ಳೆಂದಿತು. ಹೌದು, ಸರಿದಿದ್ದೆ. ಮೂರೇ ಹೆಜ್ಜೆ. ಕೈ ನಡುಗಿದ್ದೂ ತಾನಾಗಿಯೇ. ಶೈಲಿ ಎಂಬ ಹೆಸರು ಆಮೇಲೆ ಇಟ್ಟದ್ದು. ಕಾರ್ಖಾನೆಯಲ್ಲಿ ಯಾರಿಗೂ ಕಾಣದ್ದು ಅವರಿಗೆ ಕಂಡಿತ್ತು. ನಾಚಿಕೆಯಾಯಿತು, ಆದರೆ ಮದುವೆ ಉಳಿಯಿತಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು.

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು: "ಮದವಿಗೆ ಬರಬೇಕು. ಕ್ಯಾಮೆರಾ ತರಬ್ಯಾಡ್ರಿ. ಅಕ್ಕಿಕಾಳು ಹಾಕೂ ಮುಂದ ಕೈ ನಡಗಿದ್ರ ಏನೂ ಆಗೂದಿಲ್ಲ."

ಹೋಗಿದ್ದೆ. ಕ್ಯಾಮೆರಾ ಒಯ್ಯಲಿಲ್ಲ. ಊರಿನ ವಿಡಿಯೊದವನು ಐವತ್ತನೇ ಭಾಗದಲ್ಲಿ, ಕೈ ಒಂದಿಷ್ಟೂ ಅಲುಗದಂತೆ ಎಲ್ಲವನ್ನೂ ಹಿಡಿದಿದ್ದಾನೆ. ಮಂಟಪದೆದುರು ಪಟಾಕಿ ಸರ ಹಚ್ಚಿದ ಕೂಡಲೇ ಅಕ್ಕಿಕಾಳು ಕೈಯಲ್ಲಿರುವಂತೆಯೇ ಮೂರು ಹೆಜ್ಜೆ ಹಿಂದೆ ಸರಿದ ಒಬ್ಬ ಮನುಷ್ಯ ಅದರಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತಾನೆ. ವಿಮಲಾ ಆ ಭಾಗವನ್ನು ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದಾಳೆ.