ಆಷಾಢದಲ್ಲಿ ಉಕ್ಕಿದ ಹಾಲು

ಗಂಗಣ್ಣನ ಹೊಸ ಮನೆಗೆ ಸುಣ್ಣಬಣ್ಣ ಮುಗಿಯುವುದಕ್ಕೂ ಆಷಾಢ ಹುಟ್ಟುವುದಕ್ಕೂ ಸರಿಹೋಯಿತು. ಮುಂದಿನ ರಗಳೆಗೆಲ್ಲ ಅದೇ ಮೂಲ.

ಗುಬ್ಬಿ ಹತ್ತಿರದ ಕಲ್ಲುಬಾವಿಪಾಳ್ಯದಲ್ಲಿ ತೆಂಗಿನಕಾಯಿ ಸುಲಿದು ಬದುಕುವ ಗಂಗಣ್ಣನಿಗೆ ಕೇಂದ್ರ ಸರ್ಕಾರದ ಆವಾಸ್ ಯೋಜನೆಯಲ್ಲಿ ಮನೆ ಸಿಕ್ಕಿತ್ತು. ದುಡ್ಡು ದಿಲ್ಲಿಯದು, ಕೊಡಿಸುವುದು ಪಂಚಾಯಿತಿ. ತಳಪಾಯಕ್ಕೊಂದು ಫೋಟೊ, ಲಿಂಟಲ್ಲಿಗೊಂದು ಫೋಟೊ, ಛಾವಣಿಗೊಂದು ಫೋಟೊ ಕಳಿಸಿದ ಮೇಲೆಯೇ ಒಂದೊಂದು ಕಂತು ಬರುತ್ತಿತ್ತು. ಎಲ್ಲ ಫೋಟೊಗಳಲ್ಲೂ ಗಂಗಣ್ಣ ಪೊಲೀಸರ ಕೈಗೆ ಸಿಕ್ಕವನ ಹಾಗೆ ನಿಂತಿದ್ದ. ಸರ್ಕಾರ ಎಂದರೆ ಅವನಿಗೆ ಮೊದಲಿನಿಂದಲೂ ಭಯ. ಕೊಡುವಾಗ ಇನ್ನೂ ಹೆಚ್ಚು ಭಯ.

ಮನೆಯೇನೋ ಎದ್ದು ನಿಂತಿತು. ಆದರೆ ಆಷಾಢದಲ್ಲಿ ಹಾಲುಕ್ಕಿಸುವುದುಂಟೆ? ಹೆಂಡತಿ ಉಮಾಮಹೇಶ್ವರಿ ಮಠಕ್ಕೆ ಹೋಗಿ ಶ್ರಾವಣದಲ್ಲಿ ಒಳ್ಳೆಯ ದಿನ ಕೇಳಿಕೊಂಡು ಬಂದಳು. ಅಲ್ಲಿಯವರೆಗೆ ಹಿಂದುಗಡೆಯ ಹಳೇ ಶೀಟಿನ ಮನೆಯಲ್ಲೇ ವಾಸ. ಹೊಸ ಮನೆಯೊಳಗೆ ಗಂಗಣ್ಣ ತೆಂಗಿನ ಸಿಪ್ಪೆ ಪೇರಿಸಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಪಂಚಾಯಿತಿಗೆ ಹೊಸದಾಗಿ ಬಂದಿದ್ದ ಪಿಡಿಒ ದೀಪಿಕಾ ಮೇಡಂ ಫೋನ್ ಮಾಡಿದರು.

"ಗಂಗಣ್ಣ, ದಿಲ್ಲಿಯಿಂದ ಆಫೀಸರ್ ಬಂದಿದಾರೆ. ಮಧ್ಯಾಹ್ನ ನಿಮ್ಮನೆ ನೋಡ್ತಾರೆ. ಹೊಸ ಮನೇಲೇ ಇದೀರಿ ತಾನೆ?"

"ಇದೀವಿ ಮೇಡಂ," ಅಂದುಬಿಟ್ಟ. ನಾಲಿಗೆ ಅವನನ್ನು ಕೇಳದೆಯೇ ಮಾತಾಡಿತ್ತು.

ಪಕ್ಕದ ಮನೆಯ ರೇಣುಕಾಪ್ರಸಾದ್ ಜಗುಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಊರವರ ಕಷ್ಟಕ್ಕೆ ಆತ ತಪ್ಪದೆ ಒದಗುತ್ತಿದ್ದ, ಕಷ್ಟ ಹೆಚ್ಚು ಮಾಡುವುದಕ್ಕೆ.

"ಕೆಟ್ಯಲ್ಲೋ ಗಂಗಣ್ಣ! ವಾಸ ಇಲ್ದಿದ್ರೆ ಬೀಗ ಜಡೀತಾರೆ ಕಣೋ. ಕುಣಿಗಲ್ ಕಡೆ ಒಬ್ಬ ಹಿಂಗೇ ಮನೇಲಿ ಹುಲ್ಲು ತುಂಬಿದ್ನಂತೆ. ಬಂದ್ರು, ನೋಡಿದ್ರು, ಬೀಗ ಹಾಕಿ ಬೀಗದ ಕೈ ಜೇಬಿಗಿಳಿಸ್ಕೊಂಡು ಹೋದ್ರು. ಹೆಂಡ್ತಿ ಮಕ್ಕಳು ಬೀದೀಲಿ!"

ಅಪ್ಪನ ಕಾಲದಿಂದ ಸೋರುವ ಶೀಟಿನ ಕೆಳಗೆ ಪಾತ್ರೆ ಇಟ್ಟುಕೊಂಡು ಮಲಗಿದವನು ಗಂಗಣ್ಣ. ಈ ಮನೆ ಕೈತಪ್ಪಿದರೆ ಇನ್ನೊಂದು ಕಟ್ಟುವ ಮಾತೇ ಇಲ್ಲ.

"ಏನ್ ಮಾಡ್ಲಣ್ಣ ಈಗ?"

"ಸಂಸಾರ ಹೂಡು. ಇನ್ನೇನು?"

ಸಿಪ್ಪೆಯೆಲ್ಲ ಹಿತ್ತಲಿಗೆ ಹೋಯಿತು. ಎದುರು ಮನೆಯ ಇಸಾಕ್ ಸಾಬ್ ಹಾಸಿಗೆ ಹೊಲಿಯುವವರು. ಗಿರಾಕಿಗೆಂದು ಸಿದ್ಧಮಾಡಿದ್ದ ಹೊಸ ಹಾಸಿಗೆಯನ್ನು ಮಂಚದ ಸಮೇತ ಹೊತ್ತು ತಂದರು. ಅವರ ಹೆಂಡತಿ ನಜೀರಾ ತನ್ನ ಗ್ಯಾಸ್ ಒಲೆ, ಸಿಲಿಂಡರು, ಫಳಫಳ ಹೊಳೆಯುವ ಪಾತ್ರೆ ತಂದು ಜೋಡಿಸಿದಳು. ರೇಣುಕಾಪ್ರಸಾದ್ ತನ್ನ ಮನೆಯ ಟಿವಿ ತಂದು ಗೂಡಿನಲ್ಲಿ ಕೂರಿಸಿದ. ಮನೆ ಮದುಮಗಳ ಹಾಗೆ ಕಾಣತೊಡಗಿತು. ಆದರೆ ಮನೆಯೊಡತಿಯೇ ಒಳಗೆ ಬರಲು ಒಪ್ಪಲಿಲ್ಲ.

"ಸತ್ರೂ ಆಷಾಢದಲ್ಲಿ ಹೊಸ್ತಿಲು ದಾಟಲ್ಲ," ಅಂದಳು ಉಮಾಮಹೇಶ್ವರಿ. "ನಿಮ್ಮ ದಿಲ್ಲಿಯೋರು ನನ್ ಮಕ್ಕಳಿಗೆ ಒಳ್ಳೇದು ಮಾಡಕ್ಕೆ ಬರ್ತಾರಾ?"

"ಮನೇನೇ ಹೋಗ್ತದೆ ಕಣೇ!" ಗಂಗಣ್ಣ ಅಳುವ ಹಾಗಾದ.

"ನಮಗೆ ಆಷಾಢ ಇಲ್ವಲ್ಲ, ನಾನು ಅಡ್ಗೆಮನೇಲಿರ್ತೀನಿ ಬುಡಣ್ಣ," ಎಂದಳು ನಜೀರಾ. "ಅಕ್ಕ ಹೊರಗೆ ಅಕ್ಕಿ ಆರಿಸ್ಕೊಂಡು ಕೂತಿರ್ಲಿ."

ಜೀಪು ಬಂದ ಸದ್ದಿಗೆ ಗಂಗಣ್ಣ ಬಾಗಿಲಿಗೆ ಓಡಿದ. ದೀಪಿಕಾ ಮೇಡಂ ಜೊತೆ ದಿಲ್ಲಿ ಸಾಹೇಬರು ಇಳಿದರು. ಅವರಿಗೆ ಕನ್ನಡ ಬಾರದು, ಗಂಗಣ್ಣನಿಗೆ ಹಿಂದಿ ಬಾರದು. ನಡುವೆ ಇಸಾಕ್ ಸಾಬ್ ನಿಂತರು.

ಸಾಹೇಬರು ಮಂಚ ಒತ್ತಿ ನೋಡಿದರು, ಗೋಡೆ ಬಡಿದು ನೋಡಿದರು. ಗಂಗಣ್ಣ ಅವರ ಹಿಂದೆ ಕೈಕಟ್ಟಿಕೊಂಡು ಸುತ್ತಿದ. ಎಲ್ಲಾದರೂ ಒಂದು ಸಿಪ್ಪೆಯ ಎಳೆ ಸಿಕ್ಕಿಬಿದ್ದರೆ ಎಂದು ನೆಲವನ್ನೇ ನೋಡುತ್ತಿದ್ದ.

"ಅಮ್ಮ, ಒಳಗ್ ಬನ್ನಿ, ಫೋಟೊ ತೆಗೀಬೇಕು," ಎಂದು ದೀಪಿಕಾ ಮೇಡಂ ಹೊರಗೆ ಕೂಗಿದರು. ಉಮಾಮಹೇಶ್ವರಿ ಮೊರದಿಂದ ತಲೆಯೆತ್ತಲಿಲ್ಲ.

"ಅವರಿಗೆ ಮಂಡಿನೋವು ಮೇಡಂ, ಹೊಸ್ತಿಲು ದಾಟಕ್ಕಾಗಲ್ಲ," ಎಂದು ರೇಣುಕಾಪ್ರಸಾದ್ ಮೂಗು ತೂರಿಸಿದ.

"ಮತ್ತೆ ರಾತ್ರಿ ಎಲ್ಲಿ ಮಲಗ್ತಾರೆ?"

ಎಲ್ಲರೂ ಗಂಗಣ್ಣನನ್ನು ನೋಡಿದರು.

"ಎತ್ಕೊಂಡ್ ಬರ್ತೀನಿ ಮೇಡಂ," ಎಂದ.

ಇಸಾಕ್ ಸಾಬ್ ಅದನ್ನು ಹಿಂದಿಗೆ ತಿರುಗಿಸಿದರು. ಸಾಹೇಬರು ಉಮಾಮಹೇಶ್ವರಿಯ ಗಾತ್ರ ನೋಡಿದರು, ಗಂಗಣ್ಣನ ಕಡ್ಡಿಯಂಥ ತೋಳು ನೋಡಿದರು, ಎದೆಯ ಮೇಲೆ ಕೈಯಿಟ್ಟುಕೊಂಡು ತಲೆದೂಗಿದರು. ಗಂಗಣ್ಣನಿಗೆ ಅರ್ಧ ಜೀವ ಬಂತು.

ಬಂದ ಅರ್ಧವೂ ಮರುಕ್ಷಣವೇ ಹೋಯಿತು. ಸಾಹೇಬರಿಗೆ ಚಹಾ ಕಾಸಲು ನಜೀರಾ ಒಲೆಯ ಮೇಲೆ ಹಾಲಿಟ್ಟು, ಮಾತು ಕೇಳುತ್ತ ಮೈಮರೆತಿದ್ದಳು. ಹಾಲು ಪಾತ್ರೆ ತುಂಬಿ ಸೊರ್ರೆಂದು ಒಲೆಯ ಮೇಲೆ ಹರಿಯಿತು. ಹೊರಗಿದ್ದ ಉಮಾಮಹೇಶ್ವರಿಯ ಮೂಗಿಗೆ ವಾಸನೆ ಬಡಿಯಿತು.

"ಅಯ್ಯಯ್ಯೋ, ಹಾಲು ಉಕ್ಬುಡ್ತಲ್ಲೇ ನಜೀರಾ!"

ಮೊರ ಒಂದು ಕಡೆ, ಅಕ್ಕಿ ಒಂದು ಕಡೆ. ಮಂಡಿನೋವಿನ ಹೆಂಗಸು ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿ, ಸಾಹೇಬರನ್ನು ಪಕ್ಕಕ್ಕೆ ತಳ್ಳಿ ಅಡುಗೆಮನೆಗೆ ನುಗ್ಗಿದಳು. ಒಲೆ ಆರಿಸಿದ ಮೇಲೆ ತಾನು ನಿಂತಿರುವುದು ಎಲ್ಲಿ ಎಂದು ನೋಡಿಕೊಂಡಳು. ಆಷಾಢದಲ್ಲಿ ಹಾಲು ಉಕ್ಕಿತ್ತು, ಮನೆಯೊಡತಿ ಒಳಗೆ ಬಂದಿದ್ದಳು. ಗೃಹಪ್ರವೇಶಕ್ಕೆ ಇನ್ನೇನು ಬಾಕಿ? ಅವಳು ಅಲ್ಲೇ ಕುಸಿದು ಕೂತು ಗೋಳಾಡತೊಡಗಿದಳು.

ಮುಗಿಯಿತು, ಸುಳ್ಳೆಲ್ಲ ಬಯಲಾಯಿತು, ಮನೆ ಹೋಯಿತು ಎಂದುಕೊಂಡ ಗಂಗಣ್ಣ. ಸಾಹೇಬರು ಹುಬ್ಬು ಗಂಟಿಕ್ಕಿ ಏನೋ ಕೇಳಿದರು. ಇಸಾಕ್ ಸಾಬ್ ಗಂಟಲು ಸರಿಮಾಡಿಕೊಂಡು ಬಹಳ ಹೊತ್ತು ಉತ್ತರ ಹೇಳಿದರು. ಸಾಹೇಬರ ಮುಖ ಅರಳಿತು. ಅಳುವ ಉಮಾಮಹೇಶ್ವರಿಯನ್ನೂ ಹರಿದ ಹಾಲನ್ನೂ ಸೇರಿಸಿ ನಾಲ್ಕಾರು ಫೋಟೊ ತೆಗೆದುಕೊಂಡರು. ಗಂಗಣ್ಣನ ಬೆನ್ನು ತಟ್ಟಿ ಜೀಪಿನಲ್ಲಿ ಹೋಗಿ ಕೂತರು.

"ಏನಂತ ಹೇಳಿದ್ರಿ ಸಾಬ್ರೆ?" ಗಂಗಣ್ಣ ಪಿಸುಗುಟ್ಟಿದ.

"ನಮ್ ಕಡೆ ಹಾಲು ಉಕ್ಕಿದ್ರೆ ಶುಭ ಅಂದೆ. ಅಮ್ಮೋರ ಮಂಡಿನೋವು ಈ ಮನೇಲೇ ವಾಸಿಯಾಯ್ತು, ಆನಂದಕ್ಕೆ ಅಳ್ತಾವ್ರೆ ಅಂದೆ. ತಪ್ಪೇನೈತೆ?"

ಗಂಗಣ್ಣನಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ದೀಪಿಕಾ ಮೇಡಂ ನಗುತ್ತ ಹತ್ತಿರ ಬಂದರು.

"ಸಾಹೇಬ್ರಿಗೆ ತುಂಬಾ ಇಷ್ಟ ಆಗಿದೆ ಗಂಗಣ್ಣ! ಇಂಥ ಅಚ್ಚುಕಟ್ಟಾದ ಮನೆ ಎಲ್ಲೂ ನೋಡಿಲ್ಲವಂತೆ. ಇದನ್ನೇ ಮಾದರಿ ಮನೆ ಮಾಡಿದಾರೆ. ಕುಣಿಗಲ್, ಹೆಬ್ಬೂರು, ಕೋರ, ಎಲ್ಲ ಕಡೆಯ ಪಂಚಾಯಿತಿಯವರೂ ಬಂದು ನೋಡ್ಕೊಂಡು ಹೋಗ್ತಾರೆ."

"ಬರ್ಲಿ ಮೇಡಂ, ಬರ್ಲಿ," ಗಂಗಣ್ಣ ಕೈಮುಗಿದ.

"ಅದಕ್ಕೇ ಒಂದು ಕಡ್ಡಿನೂ ಕದಲಬಾರ್ದು. ಮಂಚ, ಟಿವಿ, ಒಲೆ ಎಲ್ಲ ಹೀಗೇ ಇರ್ಬೇಕು. ನೀವಿಲ್ಲಿ ಅಡುಗೆ ಮಾಡಿ, ಮಲಗಿ ಎದ್ದು ಮಾಡಿದ್ರೆ ಹಾಳಾಗತ್ತೆ. ಹಿಂದೆ ಒಂದು ಶೀಟಿನ ಮನೆ ಖಾಲಿ ಇದೆಯಲ್ಲ, ಸದ್ಯಕ್ಕೆ ಅಲ್ಲಿಗೆ ಹೋಗಿಬಿಡಿ."

ಗಂಗಣ್ಣನ ಕೈ ಮುಗಿದ ಹಾಗೆಯೇ ನಿಂತಿತು. ಮೇಡಂ ಎಲ್ಲರನ್ನೂ ಹೊರಗೆ ಕರೆದು, ಬಾಗಿಲೆಳೆದು ಬೀಗ ಹಾಕಿ, ಬೀಗದ ಕೈಯನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡರು.

"ನನ್ ಒಲೆ!" ಎಂದಳು ನಜೀರಾ. "ನನ್ ಗಿರಾಕಿ ಹಾಸಿಗೆ!" ಎಂದರು ಇಸಾಕ್ ಸಾಬ್. ರೇಣುಕಾಪ್ರಸಾದ್ ಕಿಟಕಿಗೆ ಮುಖವಿಟ್ಟು ತನ್ನ ಟಿವಿಯನ್ನು ಇಣುಕಿ ನೋಡುತ್ತಿದ್ದ.

"ಎಲ್ಲೀಗಂಟ ಮೇಡಂ?" ಗಂಗಣ್ಣ ಕೇಳಿದ.

"ಇದಕ್ಕಿಂತ ಒಳ್ಳೇ ಮನೆ ಸಿಗೋವರೆಗೂ."

"ಅಲ್ಲೀಗಂಟ... ನಾವು ಒಂದ್ಸಲಾನೂ ಒಳಕ್ಕೆ ಬರಂಗಿಲ್ವಾ?"

"ಅಯ್ಯೋ, ನಿಮ್ಮ ಮನೆ ಅಲ್ವಾ ಗಂಗಣ್ಣ? ಯಾರು ಬೇಡ ಅಂತಾರೆ?" ದೀಪಿಕಾ ಮೇಡಂ ಜೀಪು ಹತ್ತುತ್ತ ಹೇಳಿದರು. "ಬೇರೆ ಊರಿನವರು ನೋಡೋಕೆ ಬಂದಾಗ ನೀವೂ ಅವರ ಜೊತೆ ಬನ್ನಿ. ಚಪ್ಪಲಿ ಮಾತ್ರ ಹೊರಗೆ ಬಿಡಿ."